ಶಿಶುವಿನ ಉಸಿರೂ ನ್ಯಾಯಸ್ಥಾನವೂ

ಯಂತ್ರದ ಬಲದಿಂದ ಉಸಿರಾಡುತ್ತಿರುವ ಶಿಶುವಿಗೆ ಆ ಯಂತ್ರವನ್ನು ಇರಗೊಡಬೇಕೆ, ತೆಗೆಯಬೇಕೆ ಎಂಬ ವಿಷಯದಲ್ಲಿ ವೈದ್ಯರಿಗೂ ತಾಯಿತಂದೆಗಳಿಗೂ ವ್ಯಾಜ್ಯವುಂಟಾಗಿ, ಅದು ದೇಶದ ಪರಮೋಚ್ಚ ಧರ್ಮಾಸನದವರೆಗೆ ನಡೆಯುವುದು ನಮ್ಮ ಪೂರ್ವಿಕರು ಕಂಡು ಕೇಳಿದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಅದು ಈಗ ಅಪೂರ್ವವೂ ಅಲ್ಲ. ಈ ವ್ಯಾಜ್ಯಗಳ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಕೆಲವರು ವೈದ್ಯರನ್ನು ನಿಷ್ಕರುಣಿಗಳೆಂದೂ, ಮತ್ತೆ ಕೆಲವರು ತಾಯಿತಂದೆಗಳನ್ನು ಮೋಹಾಂಧರೆಂದೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಇದರ ಇತಿಹಾಸವನ್ನು ಸ್ವಲ್ಪ ಕ್ರಮವಾಗಿ ನೋಡಿದರೆ ಎರಡು ಮಾತೂ ನಿಲ್ಲಲಾರವು.

ಕಥೆಯ ಆರಂಭವು ಕರುಣೆಯಿಂದಲೇ ಆಯಿತು. 1952ನೆಯ ಇಸವಿಯಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಎಂಬ ಬಾಲಪಾರ್ಶ್ವರೋಗವು ಮಾರಿಯಂತೆ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ದಿನೇ ದಿನೇ ಬಂದು ಬೀಳುತ್ತಿದ್ದರು. ಅಲ್ಲಿದ್ದ ಉಕ್ಕಿನ ಶ್ವಾಸಪೆಟ್ಟಿಗೆ ಒಂದೇ ಒಂದು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನು 12 ವರ್ಷದ ಹುಡುಗಿಯೊಬ್ಬಳ ಕೊರಳಿನಲ್ಲಿ ರಂಧ್ರ ಮಾಡಿಸಿ, ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಗಾಳಿಯನ್ನು ಅವಳ ಪುಪ್ಪುಸಕ್ಕೆ ತುಂಬಿದನು. ಹುಡುಗಿ ಬದುಕಿದಳು. ಆ ಬಳಿಕ ಸುಮಾರು 1,500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ರೋಗಿಗಳ ಮಗ್ಗುಲಲ್ಲಿ ಕುಳಿತು ಚೀಲವನ್ನೊತ್ತಿದರು. ಅದಕ್ಕೆ ಮುಂಚೆ ಈ ಸ್ಥಿತಿಗೆ ಬಂದವರಲ್ಲಿ 100ಕ್ಕೆ 80ಕ್ಕೂ ಮಿಕ್ಕು ಸಾಯುತ್ತಿದ್ದರು. ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದುಕೊಂಡರು. ಇಂದಿನ ತೀವ್ರನಿಗಾ ವಾರ್ಡುಗಳ ಮೂಲವು ಇದೇ. ಕೈಗಳ ಬದಲಿಗೆ ಯಂತ್ರವು ಬಂದಿತು. ಕೈಗಾದರೆ ದಣಿವುಂಟು, ಯಂತ್ರಕ್ಕೆ ದಣಿವಿಲ್ಲ. ತೊಡಕು ಹುಟ್ಟಿದ್ದು ಅಲ್ಲಿ.

ಐದೇ ವರ್ಷಗಳಲ್ಲಿ ವೈದ್ಯರೇ ಸಂದೇಹದಲ್ಲಿ ಸಿಕ್ಕಿಬಿದ್ದರು. ಚೇತರಿಸಿಕೊಳ್ಳುವ ಆಶೆಯೇ ಇಲ್ಲದ ರೋಗಿಯಿಂದ ಯಂತ್ರವನ್ನು ತೆಗೆಯಬಹುದೆ ಎಂದು ಅರಿವಳಿಕೆಯ ವೈದ್ಯರು ಕೇಳಿದಾಗ, 1957ರ ನವೆಂಬರ್ 24ರಂದು ಪೋಪ್ 12ನೆಯ ಪಯಸ್ಸರು, ಸಾಧಾರಣವಾದ ಉಪಾಯಗಳು ಕರ್ತವ್ಯ, ಅಸಾಧಾರಣವಾದವು ಕರ್ತವ್ಯವಲ್ಲ ಎಂಬ ಅಭಿಪ್ರಾಯದ ಉತ್ತರವನ್ನಿತ್ತರು. ನಮ್ಮ ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೂ ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅನುಪಕ್ರಮ ಎಂದು ರೋಗಗಳನ್ನು ವಿಂಗಡಿಸಿ, ಕೊನೆಯದಕ್ಕೆ ಕೈಹಾಕಬಾರದೆಂದು ವೈದ್ಯನಿಗೆ ಹೇಳಿದೆ. ಪಾಠಶಾಲೆಯಲ್ಲಿ ಇದನ್ನೋದಿದಾಗ ನಮಗೆ ಅದು ಕೇವಲ ವಿವೇಕದ ಮಾತಾಗಿ ಕಂಡಿತ್ತು. ಆದರೆ ಚರಕನ ವೈದ್ಯನು ಚಿಕಿತ್ಸೆಯನ್ನು ಆರಂಭಿಸದೆ ಹಿಂದಿರುಗುವವನು. ಈ ಕಾಲದ ವೈದ್ಯನು ಆರಂಭಿಸಿದ್ದನ್ನು ನಿಲ್ಲಿಸಬೇಕಾದವನು. ಎರಡೂ ಒಂದೇ ಎಂದು ತರ್ಕವು ಹೇಳೀತು. ಹೆತ್ತವಳಿಗೆ ಅದನ್ನು ಒಪ್ಪಿಸುವುದು ತರ್ಕದಿಂದಾಗುವ ಕೆಲಸವಲ್ಲ.

ಇಂಗ್ಲೆಂಡಿನ ಈ ವ್ಯಾಜ್ಯಗಳಲ್ಲಿ ವೈದ್ಯರು ನ್ಯಾಯಸ್ಥಾನದ ಬಾಗಿಲಿಗೆ ಹೋಗುವುದೇಕೆ ಎಂಬುದನ್ನು ಬಹುಮಂದಿ ತಿಳಿಯರು. ಅದನ್ನು ವಿಧಿಸಿಕೊಟ್ಟದ್ದು ಒಬ್ಬ ತಾಯಿಯ ಗೆಲವು. 1998ರಲ್ಲಿ ಪೋರ್ಟ್ಸ್‌ಮತ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ, ಅಂಗವೈಕಲ್ಯದಿಂದ ಬಳಲುತ್ತಿದ್ದ 12 ವರ್ಷದ ಹುಡುಗನು ಸಾಯುತ್ತಿರುವನೆಂದು ವೈದ್ಯರು ಭಾವಿಸಿದರು. ತಾಯಿಯು ಬೇಡವೆಂದರೂ ಡೈಮಾರ್ಫಿನ್ ಎಂಬ ಅಫೀಮಿನ ಸತ್ತ್ವವನ್ನು ಕೊಟ್ಟರು. ಹೃದಯವು ನಿಂತರೆ ಪುನಃ ನಡೆಯಿಸುವ ಪ್ರಯತ್ನ ಬೇಡವೆಂದು ಅವಳಿಗೆ ತಿಳಿಸದೆ ಕಾಗದದಲ್ಲಿ ಬರೆದಿಟ್ಟರು. ಬಂಧುಗಳು ಹಾಸಿಗೆಯ ಬಳಿಯಲ್ಲಿಯೇ ವೈದ್ಯರೊಡನೆ ಕೈಕೈ ಮಿಲಾಯಿಸಿ, ಹುಡುಗನನ್ನು ತಾವೇ ಎಚ್ಚರಗೊಳಿಸಿದರು. ಹುಡುಗನು ಜೀವದೊಡನೆ ಮನೆಗೆ ಹೋದನು! ಗ್ಲಾಸ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ, ಸ್ಟ್ರಾಸ್‌ಬರ್ಗಿನಲ್ಲಿರುವ ಯೂರೋಪಿನ ಮಾನವಹಕ್ಕುಗಳ ನ್ಯಾಯಸ್ಥಾನವು 2004ರ ಮಾರ್ಚ್ 9ರಂದು ತಾಯಿಯ ಪರವಾಗಿ ತೀರ್ಪುಕೊಟ್ಟಿತು. ತಾಯಿಯು ಒಪ್ಪದಿರುವಾಗ ಆಸ್ಪತ್ರೆಯು ತಾನೇ ನಿರ್ಣಯಿಸದೆ ಮೊದಲು ನ್ಯಾಯಾಧೀಶರ ಬಳಿಗೆ ಹೋಗಬೇಕಾಗಿತ್ತು ಎಂಬುದು ಅದರ ಸಾರ. ಹೀಗೆ ಹೆತ್ತವರ ರಕ್ಷಣೆಗಾಗಿ ತೆರೆದ ಬಾಗಿಲೇ ಮುಂದೆ ಅವರ ಎದುರಾಳಿಗೂ ಬಾಗಿಲಾಯಿತು.

2016ರ ಆಗಸ್ಟ್ 4ರಂದು ಲಂಡನ್ನಿನಲ್ಲಿ ಚಾರ್ಲಿ ಗಾರ್ಡ್ ಎಂಬ ಶಿಶುವು ಹುಟ್ಟಿತು. ಕೆಲವು ವಾರಗಳಾಗುವಷ್ಟರಲ್ಲಿ ಮೈಯಲ್ಲಿ ಬಲವು ಕುಗ್ಗುತ್ತ ಬಂದು, ಅಕ್ಟೋಬರಿನಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯನ್ನು ಸೇರಿತು. ಜೀವಕೋಶಗಳಿಗೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳು ಕ್ಷಯಿಸುವ, ವಂಶವಾಹಿಯಾದ ಅತಿವಿರಳ ರೋಗವದು. ತಾಯಿತಂದೆಗಳಿಬ್ಬರಲ್ಲಿಯೂ ದೋಷವು ಗುಪ್ತವಾಗಿದ್ದು ಮಗುವಿನಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ ಪಂಡಿತ ಮಿಚಿಯೋ ಹಿರಾನೋ ಎಂಬವರು ಇದೇ ಜಾತಿಯ ಇನ್ನೊಂದು ರೋಗಕ್ಕೆ ಹೊಸ ಔಷಧವನ್ನು ಪ್ರಯೋಗಿಸುತ್ತಿದ್ದರು. ಚಾರ್ಲಿಯ ರೋಗಕ್ಕೆ ಅದನ್ನು ಯಾರೂ ಕೊಟ್ಟುನೋಡಿರಲಿಲ್ಲ. ಆಸ್ಪತ್ರೆಯವರೂ ಮೊದಲು ಅದನ್ನು ಆಲೋಚಿಸಿದ್ದರು. 2017ರ ಜನವರಿಯಲ್ಲಿ ಶಿಶುವಿಗೆ ಅಪಸ್ಮಾರದ ಸೆಳೆತಗಳು ಬಂದ ಮೇಲೆ, ಮೆದುಳು ಕೆಟ್ಟಿತು, ಇನ್ನು ಪ್ರಯೋಜನವಿಲ್ಲ ಎಂದು ನಿಶ್ಚಯಿಸಿದರು. ತಾಯಿತಂದೆಗಳು ಅಮೆರಿಕೆಗೆ ಕರೆದೊಯ್ಯಲು ಸಾರ್ವಜನಿಕರಿಂದ ಹಣವನ್ನು ಬೇಡಿದರು; 13 ಲಕ್ಷ ಪೌಂಡುಗಳು ಸೇರಿದುವು.

ಏಪ್ರಿಲ್ 11ರಂದು ನ್ಯಾಯಾಧೀಶ ಫ್ರಾನ್ಸಿಸ್ಸರು ಆಸ್ಪತ್ರೆಯ ಪರವಾಗಿ ತೀರ್ಪಿತ್ತರು. ಆ ದೇಶದ ವಿಧಿಯಂತೆ ಮಗುವಿನ ಹಿತವೊಂದೇ ಪರಮ. ತಾಯಿತಂದೆಗಳ ಇಚ್ಛೆಯು ಗೌರವಾರ್ಹವಾದರೂ ಅದಕ್ಕೆ ಅಧೀನ. ಮಗುವಿಗೆ ಘೋರವಾದ ಹಾನಿಯಾಗುವಂತಿದ್ದರೆ ಮಾತ್ರ ನ್ಯಾಯಸ್ಥಾನವು ಪ್ರವೇಶಿಸಬೇಕೆಂದು ಮೇಲ್ಮನವಿಯಲ್ಲಿ ವಕೀಲರು ವಾದಿಸಿದರು, ಅದು ಫಲಿಸಲಿಲ್ಲ. ಜೂನ್ ಮುಗಿಯುವುದರೊಳಗೆ ಸುಪ್ರೀಂ ಕೋರ್ಟೂ ಸ್ಟ್ರಾಸ್‌ಬರ್ಗೂ ಬಾಗಿಲನ್ನು ಮುಚ್ಚಿದುವು. ಅಷ್ಟರಲ್ಲಿ ಪೋಪರೂ ಅಮೆರಿಕೆಯ ಅಧ್ಯಕ್ಷರೂ ಮಾತನಾಡಿದರು. ಆಸ್ಪತ್ರೆಯ ಸಿಬ್ಬಂದಿಗೆ ಬೆದರಿಕೆಯ ಪತ್ರಗಳು ಬಂದುವು. ಜುಲೈ ತಿಂಗಳಲ್ಲಿ ಹಿರಾನೋ ಅವರು ಸ್ವತಃ ಬಂದು ಶಿಶುವನ್ನು ಪರೀಕ್ಷಿಸಿದರು. ಹೊಸ ಚಿತ್ರಪರೀಕ್ಷೆಗಳಲ್ಲಿ ಸ್ನಾಯುಗಳು ಹಿಂದಿರುಗಲಾರದಷ್ಟು ನಶಿಸಿದ್ದುದು ಕಂಡುಬಂದಿತು. 24ರಂದು ತಾಯಿತಂದೆಗಳು ತಮ್ಮ ಮನವಿಯನ್ನು ಹಿಂದೆಗೆದುಕೊಂಡರು. ಕಾಲವನ್ನು ವ್ಯರ್ಥಮಾಡಿದಿರಿ, ಜನವರಿಯಲ್ಲಿಯೇ ಔಷಧ ಕೊಟ್ಟಿದ್ದರೆ ಉಳಿಯುತ್ತಿದ್ದನು ಎಂದು ಅವರು. ಜನವರಿಯಲ್ಲಿಯೇ ಕಾಲವು ಮೀರಿತ್ತು ಎಂದು ಆಸ್ಪತ್ರೆಯವರು. ಈ ಎರಡು ಮಾತುಗಳ ನಡುವಣ ಸತ್ಯವನ್ನು ತೋರಿಸಬಲ್ಲ ಪರೀಕ್ಷೆಯು ಯಾವುದೂ ಇಲ್ಲ.

ನಮ್ಮ ಮನಸ್ಸನ್ನು ಹೆಚ್ಚು ನೋಯಿಸುವುದು ಇದರ ಮುಂದಿನ ಸಂಗತಿ. ಕೊನೆಯ ಕೆಲವು ದಿನಗಳನ್ನು ಮನೆಯಲ್ಲಿ ಕಳೆಯಬೇಕೆಂದು ತಾಯಿತಂದೆಗಳು ಬೇಡಿದರು. ಯಂತ್ರವನ್ನು ಮನೆಗೊಯ್ಯುವುದು ಕಾರ್ಯಸಾಧ್ಯವಲ್ಲವೆಂದಾಗಿ, ಆ ವಾದವೂ ನ್ಯಾಯಸ್ಥಾನದಲ್ಲಿಯೇ ನಡೆಯಬೇಕಾಯಿತು. ಶಿಶುವನ್ನು ಮರಣಾಸನ್ನರ ಶುಶ್ರೂಷಾಲಯವೊಂದಕ್ಕೆ ಒಯ್ದರು. ಜುಲೈ 28ರಂದು ಅದು ತೀರಿಕೊಂಡಿತು. ಮೊದಲ ಹುಟ್ಟುಹಬ್ಬಕ್ಕೆ ಒಂದು ವಾರವಿತ್ತು. ಆಸ್ಪತ್ರೆಯ ನಿರ್ಣಯವು ವೈದ್ಯಶಾಸ್ತ್ರದ ದೃಷ್ಟಿಯಿಂದ ಸರಿಯಾದುದೆಂದೇ ನಮಗೆ ತೋರುತ್ತದೆ. ಆದರೆ ಐದಾರು ತಿಂಗಳು ಒಂದೇ ಹಾಸಿಗೆಯ ಎರಡು ಮಗ್ಗುಲಲ್ಲಿ ವಾದಿಗಳೂ ಪ್ರತಿವಾದಿಗಳೂ ಆಗಿ ನಿಂತವರಿಗೆ, ಆ ಹಾಸಿಗೆಯಲ್ಲಿರುವವನನ್ನು ಸಮಾಧಾನದಿಂದ ಬೀಳ್ಕೊಡುವುದು ಹೇಗೆ ಸಾಧ್ಯ? ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ನಡುವೆ ಕಳೆದ ನಾವು, ಪೋಷಕರೊಡನೆ ಒಮ್ಮೆ ಮಾತು ಕೆಟ್ಟ ಬಳಿಕ ನಮ್ಮ ಸರಿಯಾದ ಮಾತೂ ಅವರ ಕಿವಿಗೆ ತಪ್ಪಾಗಿಯೇ ಕೇಳುವುದನ್ನು ಸಣ್ಣ ವಿಷಯಗಳಲ್ಲಿಯೇ ಕಂಡಿದ್ದೇವೆ. ಇಂಥ ವಿವಾದಗಳಲ್ಲಿ ಮಧ್ಯಸ್ಥಿಕೆಯನ್ನು ಪ್ರಯತ್ನಿಸಬೇಕೆಂದು ನ್ಯಾಯಾಧೀಶ ಫ್ರಾನ್ಸಿಸ್ಸರೂ ಹೇಳಿದರು. ತಾಯಿತಂದೆಗಳಿಗೆ ಸರ್ಕಾರದ ಕಾನೂನು ನೆರವು ದೊರೆಯದೆ, ವಕೀಲರು ಧರ್ಮಾರ್ಥವಾಗಿ ವಾದಿಸಬೇಕಾದುದನ್ನೂ ಅವರು ಖೇದದಿಂದ ಎತ್ತಿಹೇಳಿದರು.

ಮರುವರ್ಷವೇ ಲಿವರ್‌ಪೂಲಿನಲ್ಲಿ ಆಲ್ಫಿ ಇವಾನ್ಸ್ ಎಂಬ ಶಿಶುವಿನ ವಿಷಯದಲ್ಲಿ ಇದೇ ಕಥೆ. ಇಟಲಿಯ ಸರ್ಕಾರವು ಅವನಿಗೆ ಪೌರತ್ವವನ್ನೇ ಇತ್ತಿತು. 2018ರ ಏಪ್ರಿಲ್ 23ರಂದು ಯಂತ್ರವನ್ನು ತೆಗೆದ ಮೇಲೆ ಶಿಶುವು ತಾನೇ ಉಸಿರಾಡುತ್ತ ಐದು ದಿನವಿದ್ದು ಹೋಯಿತು. ಎಲ್ಲ ತೀರ್ಪುಗಳೂ ಒಂದೇ ಕಡೆಗಾದುವೆಂದು ವಾಚಕರು ತಿಳಿಯಬಾರದು. 2019ರ ಅಕ್ಟೋಬರ್ 3ರಂದು, ಮೆದುಳಿನಲ್ಲಿ ರಕ್ತಸ್ರಾವವಾಗಿದ್ದ ಐದು ವರ್ಷದ ಟಫೀದಾ ರಕೀಬ್ ಎಂಬ ಬಾಲಕಿಯ ವಿಷಯದಲ್ಲಿ ನ್ಯಾಯಾಧೀಶ ಮೆಕ್‌ಡೊನಾಲ್ಡರು ತಾಯಿತಂದೆಗಳ ಪಕ್ಷವನ್ನು ಎತ್ತಿಹಿಡಿದರು. ಅವಳಿಗೆ ನೋವಿನ ಅರಿವು ಇಲ್ಲವೆಂದಮೇಲೆ, ಕುಟುಂಬದ ಧರ್ಮಶ್ರದ್ಧೆಯೂ ಹಿತವಿಚಾರದ ತಕ್ಕಡಿಯಲ್ಲಿ ತೂಗತಕ್ಕುದೆಂದು ಅವರು ಎಣಿಸಿದರು. ಬಾಲಕಿಯನ್ನು ಇಟಲಿಯ ಜೆನೋವಾ ಪಟ್ಟಣಕ್ಕೆ ಒಯ್ದರು. ಕೆಲವು ತಿಂಗಳಲ್ಲಿ ಅವಳು ತೀವ್ರನಿಗಾ ವಾರ್ಡಿನಿಂದ ಹೊರಬಂದಳು.

2022ರ ಆರೋಗ್ಯ ಮತ್ತು ಪರಿಪಾಲನೆಯ ಶಾಸನದಲ್ಲಿ, ಈ ವಿವಾದಗಳು ಹುಟ್ಟುವ ಕಾರಣಗಳನ್ನು ವಿಚಾರಿಸಬೇಕೆಂದು ಪಾರ್ಲಿಮೆಂಟು ವಿಧಿಸಿತು. ನಫೀಲ್ಡ್ ಜೈವಿಕನೀತಿ ಮಂಡಲಿಯು 2023ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಇಂಥ ಮೊಕದ್ದಮೆಗಳಲ್ಲಿ ವೈದ್ಯರ ಹೆಸರುಗಳನ್ನು ಪ್ರಕಟಿಸಕೂಡದೆಂದು ನ್ಯಾಯಸ್ಥಾನಗಳು ಅವಧಿಯಿಲ್ಲದ ಆಜ್ಞೆಗಳನ್ನು ಹೊರಡಿಸುತ್ತಿದ್ದುವು. ಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳವರು ತಮ್ಮ ಕಥೆಯನ್ನು ತಾವು ಬಿಚ್ಚಿಹೇಳುವ ಹಕ್ಕಿಗಾಗಿ ಇದನ್ನು ಪ್ರಶ್ನಿಸಿದರು. ಮಕ್ಕಳು ಹೋಗಿ ವರ್ಷಗಳಾದ ಮೇಲೆ, 2025ರ ಏಪ್ರಿಲ್ 16ರಂದು, ಆ ದೇಶದ ಸುಪ್ರೀಂ ಕೋರ್ಟು ಆಸ್ಪತ್ರೆಗಳ ಮನವಿಯನ್ನು ತಳ್ಳಿಹಾಕಿ ಆ ಕುಟುಂಬಗಳ ಪರವಾಗಿ ತೀರ್ಪಿತ್ತಿತು.