ಬಿಎಸ್‌ಎ: ಸೈಕಲ್ಲಿಗೂ ಮೊದಲು ಕೋವಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಿಎಸ್‌ಎ ಎಂದೊಡನೆ ನೆನಪಾಗುವುದು ಸೈಕಲ್. ಆದರೆ ಆ ಮೂರಕ್ಷರದ ಪೂರ್ಣರೂಪ ‘ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್’. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬಂದೂಕು ತಯಾರಕರು 1861ರಲ್ಲಿ ಒಟ್ಟುಗೂಡಿ ಕಟ್ಟಿದ ಕಂಪನಿ ಅದು. ಸೈಕಲ್ಲು, ಮೋಟಾರ್ ಸೈಕಲ್ಲುಗಳು ಬಂದದ್ದು ಆಮೇಲೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಕೋವಿಗಳೇ ಅದರ ಮುದ್ರೆ.

ಆ ಮುದ್ರೆಯ ‘ಪಾಯಿಂಟ್ ಟೂ ಟೂ’ ರೈಫಲ್ಲುಗಳ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಆದರೂ ಬಂದೂಕು ಬಲ್ಲವರು ಅದನ್ನು ಹುಡುಕುತ್ತಲೇ ಇದ್ದಾರೆ. ಕೊಳ್ಳಬಯಸುವವರು ಮೊದಲು ತಿಳಿಯಬೇಕಾದದ್ದು ಒಂದು: ಇದು ತೋಟ ಕಾಯುವ ಕೋವಿಯಲ್ಲ.

ಯುದ್ಧ ಕಲಿಸಿದ ಪಾಠ

ಪಾಯಿಂಟ್ 22 ಎಂದರೆ ನಳಿಗೆಯ ಬಾಯಿ ಇಂಚಿನ ನೂರರಲ್ಲಿ 22 ಭಾಗ, ಸುಮಾರು 5.6 ಮಿಲಿಮೀಟರ್. ಇದರ ಇಂದಿನ ತೋಟಾ 1887ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಗುಂಡಿನ ತೂಕ ಎರಡೂವರೆ ಗ್ರಾಂಗಿಂತ ತುಸು ಹೆಚ್ಚು. ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆಂದರೂ ಸರಿ.

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ರೈತಾಪಿ ಬೋಯರರ ಗುರಿಯ ಮುಂದೆ ಬ್ರಿಟಿಷ್ ಸಿಪಾಯಿಗಳ ಗುರಿ ಸೋತಿತು. ಸಾಮಾನ್ಯ ಜನರೂ ಗುರಿ ಕಲಿಯಬೇಕೆಂಬ ಕೂಗು ಎದ್ದು, ಲಾರ್ಡ್ ರಾಬರ್ಟ್ಸ್‌ನಂಥ ಸೇನಾನಿಗಳ ಬೆಂಬಲದಿಂದ ಬ್ರಿಟನ್ನಿನಲ್ಲೆಲ್ಲ ಕಿರು ರೈಫಲ್ ಕ್ಲಬ್ಬುಗಳು ತಲೆ ಎತ್ತಿದವು. ಅಗ್ಗದ ತೋಟಾ, ಪುಟ್ಟ ಅಂಗಳ ಇವಕ್ಕೆ ಹೇಳಿ ಮಾಡಿಸಿದಂತಿದ್ದುದು ಪಾಯಿಂಟ್ 22. ಬಿಎಸ್‌ಎಯ ಸಣ್ಣ ರೈಫಲ್ಲುಗಳು ಹೆಸರು ಮಾಡಿದ್ದು ಹೀಗೆ.

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ದೊಡ್ಡ ಬೇಟೆಯ ಕೋವಿ ಗೊತ್ತು. ಆಂಡರ್ಸನ್ ಕೈಯಲ್ಲಿದ್ದುದು ಪಾಯಿಂಟ್ 405ರ ವಿಂಚೆಸ್ಟರ್. ಅದರ ಮುಂದೆ ಇದು ಮಕ್ಕಳ ಆಟಿಕೆಯಂತೆ ಕಂಡೀತು. ಆದರೆ ಈ ‘ಆಟಿಕೆ’ಯ ಗುಂಡು ಒಂದು ಮೈಲಿಯವರೆಗೂ ಹಾರಬಲ್ಲದು. ಸುತ್ತ ತೋಟದ ಮನೆಗಳಿರುವ ಕಡೆ ಮರದ ತುದಿಯ ಕೋತಿಗೆಂದು ಮೇಲಕ್ಕೆ ಹಾರಿಸಿದ ಗುಂಡು ಯಾರ ಅಂಗಳದಲ್ಲಿ ಬಿದ್ದೀತೆಂದು ಹೇಳಬಲ್ಲವರಿಲ್ಲ.

ಕಾನೂನಿನ ಮೂರು ಕೋವಿ

1959ರ ಶಸ್ತ್ರಾಸ್ತ್ರ ಕಾಯ್ದೆ ಕೋವಿಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸಿದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕಾಗಿ ಪಾಯಿಂಟ್ 22. ಬೇರೆ ಕಾರಣ ನೀಡಿ ಪರವಾನಗಿ ಕೇಳುವವರು ಆ ಕಾರಣ ಸಾಕಷ್ಟು ಬಲವಾದದ್ದೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು.

ಮೊಲ, ಗೌಜಲಕ್ಕಿಗಳ ಬೇಟೆಯ ಕಾಲವೂ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪರವಾನಗಿಯ ಮೇಲೆ ಉಳಿಸಿದ್ದ ಸಣ್ಣ ಬೇಟೆಯನ್ನು 1991ರ ತಿದ್ದುಪಡಿ ಮುಚ್ಚಿತು. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಬೇಟೆಯ ಕಾಡು ಕಾಪಿನ ಕಾಡಾದ ಕಥೆ ಇದು.

ಇಷ್ಟಾದರೂ ಹಳೆಯ ರೈಫಲ್ಲಿಗೆ ಬೆಲೆ ಏರಿದ್ದೇಕೆ? 1980ರ ದಶಕದ ಮಧ್ಯದಲ್ಲಿ ಜನಸಾಮಾನ್ಯರು ವಿದೇಶಿ ಬಂದೂಕು ತರಿಸಿಕೊಳ್ಳುವ ಬಾಗಿಲು ಮುಚ್ಚಿತು. ಹೆಸರಾಂತ ಗುರಿಕಾರರಿಗೆ ಮಾತ್ರ ವಿನಾಯಿತಿ ಉಳಿಯಿತು. ಅದಕ್ಕೆ ಮೊದಲು ಬಂದಿದ್ದ ಬಿಎಸ್‌ಎ, ಜೆಕೊಸ್ಲೊವಾಕಿಯದ ಬ್ರನೋ ಮಾಡೆಲ್ ಟೂ ಮುಂತಾದವೇ ಕೈಯಿಂದ ಕೈಗೆ ದಾಟುತ್ತಿವೆ. ಖಾಸಗಿಯಾಗಿ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕು ಮೂರಲ್ಲ, ಎರಡು.

ಕೊಳ್ಳುವ ಮುನ್ನ

ಬಲ್ಲವರು ಮೊದಲು ನೋಡುವುದು ನಳಿಗೆಯ ಒಳಗನ್ನು. ಗುಂಡಿಗೆ ತಿರುಗುವ ವೇಗ ಕೊಡುವ ಸುರುಳಿ ಗೆರೆಗಳು ತುಕ್ಕು ತಿಂದಿದ್ದರೆ ಹೊರಗಿನ ಹೊಳಪಿಗೆ ಅರ್ಥವಿಲ್ಲ. ಈ ತೋಟಾದಲ್ಲಿ ಕಿಡಿಮದ್ದು ಇರುವುದು ಅಂಚಿನಲ್ಲಿ. ಸಿಡಿಸುವ ಮೊಳೆ ಹೊಡೆಯುವುದೂ ಆ ಅಂಚಿಗೇ. ತೋಟಾ ಇಲ್ಲದೆ ಮತ್ತೆ ಮತ್ತೆ ಟ್ರಿಗರ್ ಎಳೆದರೆ, ಕೆಲವು ಹಳೆಯ ರೈಫಲ್ಲುಗಳಲ್ಲಿ ಮೊಳೆ ನಳಿಗೆಯ ಬುಡವನ್ನೇ ಜಜ್ಜುತ್ತದೆ. ಬ್ರನೋದಂಥ ರೈಫಲ್ಲಿನ ತೋಟಾಪೆಟ್ಟಿಗೆ ಕಳೆದಿದ್ದರೆ ಮತ್ತೊಂದು ಹೊಂದಿಸುವುದು ಕಷ್ಟ. ರೈಫಲ್ಲಿನ ಮೇಲೆ ಕೊರೆದ ಸಂಖ್ಯೆ ಕಾಗದಪತ್ರದ ಸಂಖ್ಯೆಗೆ ತಾಳೆಯಾಗಲೇಬೇಕು.

ಎಣ್ಣೆಯ ವಿಷಯದಲ್ಲಿ ಕೊಬ್ಬರಿ ನಾಡಿನವರು ಕೈ ಬಿಗಿ ಹಿಡಿಯಬೇಕು. ತೆಂಗಿನೆಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಚಳಿಗೆ ತಲೆಗೆ ಹಚ್ಚುವ ಎಣ್ಣೆಯೇ ಶೀಶೆಯಲ್ಲಿ ಗಟ್ಟಿಯಾಗುವಾಗ ಬಂದೂಕಿನ ಯಂತ್ರದಲ್ಲಿ ಅದಕ್ಕೆ ಜಾಗವಿಲ್ಲ.

ತೆಂಗಿನಕಾಯಿಯೇ ಗುರಿ

ಹಾಗಾದರೆ ಇದರ ಸುಖ ಎಲ್ಲಿದೆ? ಉತ್ತರಕ್ಕೆ ಕೊಡಗಿನ ಕಡೆ ನೋಡಬೇಕು. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ದೊರೆತದ್ದು 1861ರಲ್ಲಿ, ಬಿಎಸ್‌ಎ ಹುಟ್ಟಿದ ವರ್ಷವೇ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ; ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪಾಯಿಂಟ್ 22ಕ್ಕೂ ಅಲ್ಲಿ ಸ್ಪರ್ಧೆಗಳು ನಡೆಯುತ್ತವೆ.

ರೈಫಲ್ ಕ್ಲಬ್ಬಿನ ಅಂಗಳದ ಪರೀಕ್ಷೆ ಇನ್ನೂ ಕಠಿಣ. 50 ಮೀಟರ್ ಪಂದ್ಯದ ಗುರಿಹಲಗೆಯ ನಡುವಣ ಹತ್ತಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಅಂದರೆ ತೆಂಗಿನಕಾಯಿಯ ಕಣ್ಣಿನಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇಂಥ ಗುರಿಗೆ ಪಾಯಿಂಟ್ 22ರಲ್ಲಿ ಹೊಡೆದೇ. ಉಸಿರು ಹಿಡಿದು, ಬೆರಳು ಮಾತ್ರ ಅಲುಗಿಸಿ ಆ ಕಣ್ಣನ್ನು ಮುಟ್ಟುವ ಕ್ಷಣದಲ್ಲಿ ಈ ಹಳೆಯ ರೈಫಲ್ಲಿನ ಬೆಲೆ ತಿಳಿಯುತ್ತದೆ. ತೋಟದ ಕೋತಿಗೆ ಬೇರೆ ಉಪಾಯ ಹುಡುಕುವುದೇ ಲೇಸು.