ಅಂಧರ ಕೈಗೆ ಬಂದ ರೇಡಿಯೋ: ಒಂದು ಬ್ಯಾಟರಿಯ ಚರಿತ್ರೆ

ಕಣ್ಣಿಲ್ಲದವರಿಗೆ ರೇಡಿಯೋ ಹೇಳಿ ಮಾಡಿಸಿದಂಥ ಯಂತ್ರವೆಂದು ನಾವೆಲ್ಲರೂ ನಂಬಿದ್ದೇವೆ. ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ಕಿವಿಯೊಂದಿದ್ದರೆ ಸಾಕು ಎಂಬುದು ಆ ನಂಬಿಕೆಯ ಬುಡ. ಮಾತೇನೋ ದಿಟ, ಆದರೆ ಅರ್ಧ ಮಾತ್ರ. ಧ್ವನಿ ಕಿವಿಗೆ ಬೀಳುವ ಮೊದಲು ಯಂತ್ರವನ್ನು ಹಚ್ಚಬೇಕು, ಬೇಕಾದ ನಿಲಯವನ್ನು ಹಿಡಿಯಬೇಕು, ಶಕ್ತಿ ತೀರಿದಾಗ ಬ್ಯಾಟರಿಯನ್ನು ಬದಲಾಯಿಸಬೇಕು. ಈ ಕೆಲಸಗಳನ್ನು ಕೇಳುವವನೇ ಮಾಡಿಕೊಳ್ಳಬಲ್ಲನೆ, ಇಲ್ಲವೆ ಪ್ರತಿ ಸಲವೂ ಮನೆಯವರನ್ನು ಕೂಗಬೇಕೆ? ಅಂಧರಿಗೆ ಒದಗಿದ ಧ್ವನಿಯಂತ್ರಗಳ ಚರಿತ್ರೆಯನ್ನು ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ಓದಬೇಕು. ಹಾಗೆ ಓದಿದಾಗ ಅಲ್ಲಿ ಬ್ಯಾಟರಿಯ ಪಾತ್ರ ನಾವು ಎಣಿಸಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಚಿತ್ರದುರ್ಗದ ಸೀಮೆಯವರಿಗೆ ಚಿಕ್ಕಜಾಜೂರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಈ ಊರಿಗೆ ಹೆಸರು ಬಂದದ್ದು ರೈಲಿನಿಂದ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಯಲ್ಲಿ ಚಿತ್ರದುರ್ಗದ ಕವಲು ಒಡೆಯುವುದು ಇಲ್ಲಿಯೇ. ಹಿಂದೆ ಈ ಸುತ್ತಿನಲ್ಲಿ ಕಣ್ಣಿಲ್ಲದ ಮಗುವಿಗೆ ವಿದ್ಯೆ ಕಲಿಸಬೇಕೆಂದು ಹೊರಟ ತಂದೆತಾಯಿಗಳಿಗೆ ಎರಡು ದಿಕ್ಕುಗಳು ತೋರುತ್ತಿದ್ದುವು. ತೆಂಕಲಿಗೆ ಮೈಸೂರು, ಅಲ್ಲಿ 1901ರಲ್ಲಿಯೇ ಕಿವುಡರ ಮತ್ತು ಅಂಧರ ಶಾಲೆ ಆರಂಭವಾಗಿತ್ತು. ಬಡಗಲಿಗೆ ಗದಗು, ಅಲ್ಲಿ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದ ಹುಡುಗರನ್ನು ಕಲೆಹಾಕಿ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಅವರ ತರುವಾಯ ಅದೇ ಕೆಲಸವನ್ನು ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ಅವರೂ ಅಂಧರೇ.

ಕಣ್ಣಿಲ್ಲದವರಿಗೆ ವಿದ್ಯೆಯ ದಾರಿಗಳೂ ಎರಡು: ಬೆರಳಿನದು ಒಂದು, ಕಿವಿಯದು ಇನ್ನೊಂದು. ಬೆರಳಿನ ದಾರಿ ಬ್ರೈಲ್. ಭಾರತದ ಭಾಷೆಗಳಿಗೆಲ್ಲ ಒಂದೇ ಏರ್ಪಾಡಿನ ಭಾರತಿ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಆದರೆ ಬ್ರೈಲ್ ಪುಸ್ತಕ ಬಲು ದಪ್ಪ. ನಮ್ಮ ಕೈಯಲ್ಲಿ ಹಿಡಿಯುವ ಒಂದು ಕಾದಂಬರಿ ಅಲ್ಲಿ ಹಲವು ಸಂಪುಟಗಳಾಗುತ್ತದೆ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರ ಬೆರಳು ಚುಕ್ಕೆಗಳಿಗೆ ಬೇಗನೆ ಒಗ್ಗುವುದೂ ಇಲ್ಲ. ಕಿವಿಯ ದಾರಿಯಲ್ಲಿ ಈ ತೊಡಕಿಲ್ಲವಾದರೂ ಓದಿ ಹೇಳುವ ಬಾಯಿ ಹತ್ತಿರದಲ್ಲಿ ಇರಬೇಕು. ಆ ಬಾಯಿ ಇಲ್ಲದ ಹೊತ್ತಿನಲ್ಲಿ ಏನು ಗತಿ?

ಈ ಕೊರತೆಯನ್ನು ಯಂತ್ರ ತುಂಬೀತೆಂದು ಮೊದಲೇ ಕಂಡವನು ಎಡಿಸನ್. ಫೋನೋಗ್ರಾಫನ್ನು 1877ರಲ್ಲಿ ಕಟ್ಟಿ, ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿಮಾಡಿದಾಗ, ಅಂಧರಿಗಾಗಿ ಮಾತನಾಡುವ ಪುಸ್ತಕಗಳನ್ನೂ ಅವನು ಅದರಲ್ಲಿ ಸೇರಿಸಿದ್ದನು. ಕನಸು ಕೈಗೂಡಲು ಐವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅಮೆರಿಕದಲ್ಲಿ 1934ರಲ್ಲಿ ಮಾತಿನ ಪುಸ್ತಕದ ತಟ್ಟೆಗಳು ಹೊರಬಂದುವು. ಒಂದು ಮಗ್ಗುಲಿಗೆ ಸುಮಾರು ಕಾಲು ಗಂಟೆಯ ಓದು. ಇಂಗ್ಲೆಂಡಿನಲ್ಲಿ 1935ರಲ್ಲಿ ಇಂಥ ಸೇವೆ ಆರಂಭವಾಯಿತು. ಮೊದಲ ಮಹಾಯುದ್ಧದಲ್ಲಿ ಸೋಮ್ ರಣರಂಗದಲ್ಲಿ ಕಣ್ಣು ಕಳೆದುಕೊಂಡಿದ್ದ ಇಯಾನ್ ಫ್ರೇಸರ್ ಅದರ ಹಿಂದಿನ ಮುಖ್ಯ ಶಕ್ತಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಅಮೆರಿಕದವರು ವಿದ್ಯುತ್ತಿನಿಂದ ನಡೆಯುವ ಯಂತ್ರದ ಜೊತೆಯಲ್ಲಿ, ಕೀಲಿ ಕೊಟ್ಟು ತಿರುಗಿಸುವ ಇನ್ನೊಂದು ಮಾದರಿಯನ್ನೂ ಮಾಡಿದರು. ಕರೆಂಟಿಲ್ಲದ ಮನೆಯ ಅಂಧನನ್ನು ಅವರು ಮರೆಯಲಿಲ್ಲ. ಶಕ್ತಿ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಹುಟ್ಟಿನಲ್ಲಿಯೇ ಇತ್ತು.

ನಮ್ಮ ನಾಡಿಗೆ ಧ್ವನಿ ಬಂದದ್ದು ತಟ್ಟೆಗಿಂತ ಹೆಚ್ಚಾಗಿ ಗಾಳಿಯಲ್ಲಿ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ನಿಲಯವೊಂದನ್ನು ಹೂಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದದ್ದು. ಧಾರವಾಡದ ನಿಲಯ 1950ರಲ್ಲಿ, ಬೆಂಗಳೂರಿನದು 1955ರಲ್ಲಿ, ಭದ್ರಾವತಿಯದು 1965ರಲ್ಲಿ ಆರಂಭವಾದುವು. ಚಿತ್ರದುರ್ಗಕ್ಕೇ ಒಂದು ನಿಲಯ ದೊರೆಯಲು 1991 ಆಗಬೇಕಾಯಿತು.

ಆ ಮೊದಲ ಕಾಲದ ಬ್ಯಾಟರಿ ಸೆಟ್ಟನ್ನು ನೆನೆಸಿಕೊಳ್ಳಿ. ಕವಾಟಗಳ, ಎಂದರೆ ವಾಲ್ವುಗಳ ಕಾಲ. ವಾಲ್ವಿನ ಎಳೆಯನ್ನು ಕಾಯಿಸಲು ಒಂದೂವರೆ ವೋಲ್ಟಿನ ಬ್ಯಾಟರಿ, ವಾಲ್ವು ಕೆಲಸ ಮಾಡಲು ತೊಂಬತ್ತು ವೋಲ್ಟಿನ ಇನ್ನೊಂದು. ಎರಡೂ ಸೇರಿ ಕಲ್ಲಿನಷ್ಟು ಭಾರವಾದ ಪೆಟ್ಟಿಗೆ. ತಂತಿ ತಪ್ಪಿ ತೊಂಬತ್ತು ವೋಲ್ಟು ಎಳೆಗೆ ಹರಿಯಿತೆಂದರೆ ವಾಲ್ವುಗಳು ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತಿದ್ದುವು. ಇಂಥ ಜೋಡಣೆಯನ್ನು ಅಂಧನ ಕೈಗೆ ಯಾರು ಬಿಟ್ಟಾರು? ನಿಲಯ ಹಿಡಿಯುವುದೂ ಕಣ್ಣಿನ ಕೆಲಸವೇ ಆಗಿತ್ತು: ಗಾಜಿನ ಮೇಲೆ ಊರುಗಳ ಹೆಸರು, ಹಿಂದೆ ಓಡಾಡುವ ಮುಳ್ಳು, ದುಬಾರಿ ಸೆಟ್ಟುಗಳಲ್ಲಿ ನಿಲಯ ಸರಿಯಾಗಿ ಕೂತಿತೆಂದು ತೋರಿಸಲು ಹಸಿರು ಕಣ್ಣು. ಕಿವಿಯ ಯಂತ್ರಕ್ಕೆ ಕಣ್ಣನ್ನು ಬೇರೆ ಇಟ್ಟಿದ್ದರು! ಮನೆಯಲ್ಲಿ ರೇಡಿಯೋ ಇದ್ದರೂ ಅಂಧನು ಅದರ ಅತಿಥಿಯೇ ಹೊರತು ಯಜಮಾನನಲ್ಲ. ಬೇರೆಯವರು ಹಚ್ಚಿದ್ದನ್ನು ಕೇಳುವುದಷ್ಟೆ.

ಇಂಗ್ಲೆಂಡಿನವರು ಈ ವಿಷಯದಲ್ಲಿ ಸ್ವಲ್ಪ ಮುಂದಾಲೋಚನೆ ಮಾಡಿದ್ದರೆನ್ನಬೇಕು. ಅಂಧರಿಗೆ ರೇಡಿಯೋ ಲೈಸೆನ್ಸಿನ ಶುಲ್ಕವನ್ನು ಬಿಡುವ ಕಾನೂನನ್ನು ಅವರು 1926ರಲ್ಲಿಯೇ ಮಾಡಿದರು. ಅಂಧರಿಗೆ ಸೆಟ್ಟು ಒದಗಿಸಲು ನಿಧಿಯೊಂದು ಏರ್ಪಟ್ಟು, 1929ರ ಕ್ರಿಸ್‌ಮಸ್ ದಿನ ಅದರ ಪರವಾಗಿ ರೇಡಿಯೋದಲ್ಲಿ ಮನವಿ ಮಾಡಿದವರು ವಿನ್‌ಸ್ಟನ್ ಚರ್ಚಿಲ್.

ದೊಡ್ಡ ಬದಲಾವಣೆ ತಂದದ್ದು ಟ್ರಾನ್ಸಿಸ್ಟರು. 1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಚೂರಿಗೆ ಕಾಯಿಸಬೇಕಾದ ಎಳೆಯೇ ಇಲ್ಲ. ಆದ್ದರಿಂದ ಅದರ ಹಸಿವು ಬಲು ಕಡಮೆ. 1954ರಲ್ಲಿ ಮಾರಾಟಕ್ಕೆ ಬಂದ ಮೊದಲ ಜೇಬಿನ ರೇಡಿಯೋ ಆದ ರೀಜೆನ್ಸಿ ಇಪ್ಪತ್ತೆರಡೂವರೆ ವೋಲ್ಟಿನ ವಿಶೇಷ ಬ್ಯಾಟರಿ ಕೇಳುತ್ತಿತ್ತು. ಅದೂ ಸುಮಾರು 20 ಗಂಟೆಗೆ ಮುಗಿಯುತ್ತಿತ್ತು. ಮುಂದೆ ಬಂದ ಸೆಟ್ಟುಗಳು ಟಾರ್ಚಿನ ಸೆಲ್ಲಿಗೇ ಒಗ್ಗಿಕೊಂಡುವು. ನನ್ನ ಮಟ್ಟಿಗೆ ಅಂಧರ ಪಾಲಿನ ನಿಜವಾದ ಕ್ರಾಂತಿ ಇದು. ಯಂತ್ರ ಸಣ್ಣದಾದದ್ದು ಆಮೇಲಿನ ಮಾತು.

ಏಕೆಂದು ವಿಚಾರಿಸೋಣ. ನಮ್ಮ ಹಳ್ಳಿಗರು ಶೆಲ್ಲು ಎಂದು ಕರೆಯುವ ಆ ದಪ್ಪ ಸೆಲ್ಲು 1898ರಷ್ಟು ಹಳೆಯದು. ಅದರ ಒಂದು ತುದಿಗೆ ತೊಟ್ಟಿನಂಥ ಉಬ್ಬು, ಇನ್ನೊಂದು ತುದಿ ಚಪ್ಪಟೆ. ಗೂಡಿನ ಒಂದು ಕೊನೆಯಲ್ಲಿ ಸುರುಳಿ ಸ್ಪ್ರಿಂಗು. ಚಪ್ಪಟೆ ತಳವನ್ನು ಸ್ಪ್ರಿಂಗಿಗೆ ಒತ್ತಿದರೆ ಮುಗಿಯಿತು. ಬೆರಳಿಗೆ ತಿಳಿಯದ ಗುಟ್ಟು ಇದರಲ್ಲಿ ಒಂದೂ ಇಲ್ಲ. ಅಂಧರಿಗಾಗಿ ಇದನ್ನು ಯಾರೂ ರಚಿಸಲಿಲ್ಲ. ಆದರೂ ಅವರಿಗಾಗಿಯೇ ಮಾಡಿದಂತಿದೆ. ಹಚ್ಚುವ ಗುಂಡಿ ಟಕ್ಕೆಂದು ಸದ್ದು ಮಾಡುತ್ತದೆ. ನಿಲಯದ ಚಕ್ರದ ಅಂಚಿಗೆ ಒಂದು ಗೀರು ಹಾಕಿಕೊಂಡರೆ ಧಾರವಾಡ ಎಲ್ಲಿ, ಬೆಂಗಳೂರು ಎಲ್ಲಿ ಎಂದು ಹೆಬ್ಬೆರಳೇ ಹೇಳುತ್ತದೆ. ಜಂಕ್ಷನ್ ಊರಿನ ಯಾವ ಸಣ್ಣ ಅಂಗಡಿಯಲ್ಲಿ ಕೇಳಿದರೂ ಸೆಲ್ಲು ಸಿಕ್ಕೀತು.

ಇನ್ನೊಂದು ಗುಣವನ್ನು ಇಂಜಿನಿಯರುಗಳು ದೋಷವೆಂದು ಎಣಿಸುತ್ತಾರೆ, ನಾನು ಉಪಕಾರವೆನ್ನುತ್ತೇನೆ. ಸತುವಿನ ಈ ಸೆಲ್ಲು ಒಮ್ಮೆಗೇ ಸಾಯುವುದಿಲ್ಲ. ಅದು ಮುಪ್ಪಾದಂತೆ ಒಳಗಿನ ತಡೆ ಹೆಚ್ಚುತ್ತದೆ. ಧ್ವನಿ ಏರಿಸಿದರೆ ಮಾತು ಒಡೆಯುತ್ತದೆ, ಇಳಿಸಿದರೆ ಇನ್ನೂ ಕೆಲವು ಕಾಲ ನಡೆಯುತ್ತದೆ. ಸೆಲ್ಲು ತನ್ನ ಆಯುಸ್ಸನ್ನು ಕಿವಿಗೇ ಹೇಳಿ ಹೋಗುತ್ತದೆ. ಬಿಸಿಲಿಗಿಟ್ಟು ಮತ್ತೆ ಒಂದೆರಡು ಸಂಜೆ ನಡೆಸಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಸೆಲ್ಲು ಬೆಚ್ಚಗಾದರೆ ಒಳಗಿನ ರಸಾಯನ ಕ್ರಿಯೆ ಚುರುಕಾಗುತ್ತದೆ, ಅಷ್ಟೆ. ಕಳೆದ ಶಕ್ತಿ ಮರಳಿ ಬರುವುದಿಲ್ಲ. ಮುಗಿದದ್ದನ್ನು ಒಳಗೇ ಮರೆತರೆ ಸತುವಿನ ಡಬ್ಬಿ ತೂತಾಗಿ ರಸ ಸೋರಿ ತಗಡುಗಳನ್ನು ತಿಂದುಹಾಕುತ್ತದೆ, ಅದೊಂದು ಕಾಟ.

ಫಿಲಿಪ್ಸ್‌ನವರು 1963ರಲ್ಲಿ ಹೊರತಂದ ಕ್ಯಾಸೆಟ್ಟು ಈ ಸುಖವನ್ನು ಪುಸ್ತಕಕ್ಕೂ ವಿಸ್ತರಿಸಿತು. ಒತ್ತಿದರೆ ಕೆಳಗಿಳಿದು ನಿಲ್ಲುವ ಕೀಲಿಗಳು ಬೆರಳಿಗೆ ಹಿತ. ಮೋಟಾರಿಗೆ ಶಕ್ತಿ ಹೆಚ್ಚು ಬೇಕು. ಸೆಲ್ಲು ಸೋತಾಗ ಟೇಪು ತಡವರಿಸಿ ಓದುವವರ ಧ್ವನಿ ನಿದ್ದೆಗಣ್ಣಿನಂತೆ ಎಳೆಯುತ್ತಿತ್ತು. ಅದೂ ಒಂದು ಎಚ್ಚರಿಕೆಯೇ. ಅಮೆರಿಕದ ಅಂಧರ ಗ್ರಂಥಾಲಯದವರು ಟೇಪನ್ನು ಅರ್ಧ ವೇಗದಲ್ಲಿ, ನಾಲ್ಕು ಪಟ್ಟಿಗಳಲ್ಲಿ ಓಡಿಸಿ, ಒಂದು ಕ್ಯಾಸೆಟ್ಟಿನಲ್ಲಿ ಆರು ಗಂಟೆಗಳ ಓದನ್ನು ಹಿಡಿಸಿದರು. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿಯಂಥ ಸಂಸ್ಥೆಗಳು ಇಲ್ಲಿಯೂ ಧ್ವನಿಪುಸ್ತಕಗಳ ಗ್ರಂಥಾಲಯ ಕಟ್ಟಿದುವು.

ಆಮೇಲಿನ ಯುಗ ಅಂಕೆಗಳದು. ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಲು ಅನುವಾದ ಡೈಸಿ ಎಂಬ ಪದ್ಧತಿಗಾಗಿ 1996ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಏರ್ಪಟ್ಟಿತು. ಅಂಧರಿಗಾಗಿ ಪುಸ್ತಕಗಳನ್ನು ಪರಿವರ್ತಿಸಲು ದಾರಿ ಬಿಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ. 2016ರಲ್ಲಿ ಸುಗಮ್ಯ ಪುಸ್ತಕಾಲಯವೂ ತೆರೆಯಿತು. ಪುಸ್ತಕದ ಬರ ಹೀಗೆ ಸ್ವಲ್ಪ ನೀಗಿತು. ಆದರೆ ಯಂತ್ರ? ಪೇಟೆಯ ಸಾಮಾನ್ಯ ಉಪಕರಣಗಳಲ್ಲಿ ಗುಂಡಿ ಹೋಗಿ ಗಾಜು ಬಂತು. ಬ್ಯಾಟರಿ ಒಳಗೇ ಬೆಸೆದುಕೊಂಡಿತು. ಅದರ ಮಟ್ಟ ತೆರೆಯ ಮೂಲೆಯ ಪುಟ್ಟ ಚಿತ್ರವಾಯಿತು. ಲಿಥಿಯಂ ಬ್ಯಾಟರಿ ಕೊನೆಯವರೆಗೂ ಒಂದೇ ಸಮನೆ ನಡೆದು ತಟ್ಟನೆ ನಿಲ್ಲುತ್ತದೆ. ಕಿವಿಗೆ ಮುನ್ಸೂಚನೆಯೇ ಇಲ್ಲ.

ಅಂಧರಿಗೆಂದೇ ಮಾಡಿದವರು ಇದನ್ನು ಅರಿತಿದ್ದರು. 2007ರ ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ ಜೇಬಿನ ಯಂತ್ರಕ್ಕೆ ದೂರವಾಣಿಯಂಥ ಅಂಕಿಗುಂಡಿಗಳು. ಬ್ಯಾಟರಿ ಎಷ್ಟು ಉಳಿದಿದೆಯೆಂದು ಕೇಳಿದರೆ ಅದು ಮಾತಿನಲ್ಲಿ ಉತ್ತರ ಹೇಳುತ್ತದೆ. ಬ್ಯಾಟರಿಯನ್ನು ಕೈಯಿಂದ ತೆಗೆದು ಹಾಕಬಹುದು. 2009ರಲ್ಲಿ ಅಮೆರಿಕದ ಗ್ರಂಥಾಲಯ ಹಂಚಿದ ಯಂತ್ರ ಒಮ್ಮೆ ತುಂಬಿದರೆ ಸುಮಾರು 29 ಗಂಟೆ ಓದುತ್ತಿತ್ತು. ಅದೇ ವರ್ಷ ಗಾಜಿನ ದೂರವಾಣಿಗಳೂ ಬೆರಳಿಟ್ಟದ್ದನ್ನು ಓದಿ ಹೇಳಲು ಕಲಿತುವು. ಇವೆಲ್ಲ ಬಲು ಒಳ್ಳೆಯವೇ. ಆದರೆ ಸ್ಟ್ರೀಮಿನ ಬ್ಯಾಟರಿ ಮುಪ್ಪಾದರೆ ಅದೇ ಮಾದರಿಯದನ್ನು ದೂರದಿಂದ ತರಿಸಬೇಕು; ಗಾಜಿನ ದೂರವಾಣಿಗಂತೂ ರಿಪೇರಿಯವನ ಕೈಯೇ ಬೇಕು.

ಹಾಗಾದರೆ ಮನೆಯ ಅಂಧ ಹಿರಿಯರಿಗೆ ಏನು ಕೊಳ್ಳಬೇಕು? ಪುಸ್ತಕ ಓದುವ ಹವ್ಯಾಸವಿದ್ದರೆ ಚಾರ್ಜು ಮಾಡುವ ಯಂತ್ರ ಬೇಕೇ ಬೇಕು. ಸೆಲ್ಲಿನ ಖರ್ಚು ದಿನಕ್ಕೆ ಐದಾರು ಗಂಟೆ ಓದುವವರಿಗೆ ಹೊರೆ. ಅಂಥದನ್ನು ಆರಿಸುವಾಗ ಚಾರ್ಜಿನ ಬಾಯಿ ಯಾವ ಮಗ್ಗುಲಿನಿಂದ ಚುಚ್ಚಿದರೂ ಕೂರುವಂಥದೆ, ಚಾರ್ಜು ಹತ್ತಿದಾಗ ಸದ್ದು ಮಾಡುತ್ತದೆಯೆ ಎಂದು ಅಂಗಡಿಯಲ್ಲೇ ಕಣ್ಣು ಮುಚ್ಚಿ ಪರೀಕ್ಷಿಸಬೇಕು. ದೀಪ ಮಾತ್ರ ಹತ್ತಿದರೆ ಪ್ರಯೋಜನವಿಲ್ಲ. ವಾರ್ತೆ, ಸಂಗೀತ, ನಾಟಕ ಸಾಕೆನ್ನುವವರಿಗೆ ಸೆಲ್ಲಿನ ರೇಡಿಯೋವೇ ಮೇಲು. ಕರೆಂಟು ಹೋದ ರಾತ್ರಿಯೂ ಅದು ಅವರ ವಶದಲ್ಲಿರುತ್ತದೆ.

ಆಲ್ಕಲೈನ್ ಸೆಲ್ಲು ಹಾಕುವವರಿಗೆ ಉಪಯೋಗವಾಗುವ ಒಂದು ಉಪಾಯವುಂಟು; ಹೊಸದು ಹಳೆಯದು ಬೆರೆತುಹೋದಾಗ ಕಣ್ಣಿನ ಸಹಾಯ ಬೇಕಿಲ್ಲ. ಗಟ್ಟಿ ಮೇಜಿನ ಮೇಲೆ ಎರಡು ಅಂಗುಲದ ಎತ್ತರದಿಂದ, ಚಪ್ಪಟೆ ತಳ ಕೆಳಗಾಗಿ, ಸೆಲ್ಲನ್ನು ನೆಟ್ಟಗೆ ಬಿಡಬೇಕು. ಹೊಸದು ದಪ್ಪೆಂದು ಬಿದ್ದು ನಿಲ್ಲುತ್ತದೆ; ಬಳಸಿದ್ದು ಟಣ್ಣೆಂದು ಪುಟಿಯುತ್ತದೆ. ಒಳಗಿನ ಮೆತ್ತನೆಯ ಸತುವಿನ ಪಾಕ ಬಳಕೆಯಲ್ಲಿ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಅರ್ಧ ಖರ್ಚಾದ ಸೆಲ್ಲೂ ಚೆನ್ನಾಗಿಯೇ ಪುಟಿಯುತ್ತದೆಯಾದ್ದರಿಂದ, ಪುಟಿದದ್ದನ್ನೆಲ್ಲ ಎಸೆಯಬೇಡಿ. ಒಮ್ಮೆ ಗೂಡಿನಲ್ಲಿಟ್ಟು ರೇಡಿಯೋ ಹಚ್ಚಿ, ಕಿವಿಗೊಟ್ಟು ನೋಡಿ.