ಗಾಳಿಯೋ, ಫಿಟ್ಸೋ? ಬೆಳಿಗ್ಗೆ ಕತೆ ಹೇಳೋದು ಯಾರು?

ಹೋದ ತಿಂಗಳು ಆಫೀಸಿನಲ್ಲಿ ರಿಲೀಸು. ಮೂರು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ನಾಲ್ಕನೇ ದಿನ ಬೆಳಗಿನ ಜಾವ ರೂಮಿಗೆ ಬಂದು ಅಂಗಾತ ಬಿದ್ದುಕೊಂಡವನಿಗೆ ಸ್ವಲ್ಪ ಹೊತ್ತಿಗೇ ಎಚ್ಚರ ಆಯ್ತು. ಫ್ಯಾನು ತಿರುಗೋದು ಕಾಣ್ತಿದೆ, ಹೊರಗೆ ಹಾಲಿನವನ ಗಾಡಿ ಸದ್ದು ಕೇಳ್ತಿದೆ, ಆದರೆ ಒಂದು ಬೆರಳನ್ನೂ ಅಲ್ಲಾಡಿಸೋಕೆ ಆಗ್ತಿಲ್ಲ. ಎದೆ ಮೇಲೆ ಯಾರೋ ಕೂತು ಅಮುಕಿದ ಹಾಗೆ ಭಾರ. ಬಾಗಿಲ ಹತ್ತಿರ ಕಪ್ಪಗೆ ಏನೋ ನಿಂತಿದೆ ಅನ್ನೋದು ಖಾತ್ರಿ. ಕೂಗೋಣ ಅಂದರೆ ದನಿ ಹೊರಡ್ತಿಲ್ಲ... ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ಸಡಿಲವಾಯ್ತು. ಬಾಗಿಲ ಹತ್ತಿರ ನಿಂತಿದ್ದು ನನ್ನದೇ ರೇನ್ ಕೋಟು :)

ಕಳಸದ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಿದಾಗ ಅಜ್ಜಿಗೆ ಹೇಳಿದೆ. "ಅಂಗಾತ ಮಲಗ್ಬೇಡ ಅಂತ ಚಿಕ್ಕೋನಿಂದ ಹೇಳ್ತಿದೀನಲ್ಲ ಮಗಾ. ದಿಂಬಿನ ಕೆಳಗೆ ಒಂದು ಕಬ್ಬಿಣದ ಚೂರು ಇಟ್ಕೋ" ಅಂದರು. ಸ್ವಲ್ಪ ಸುಮ್ಮನಿದ್ದು, "ಅಲ್ಲ, ನಮ್ಮ ಲೈನಿನವನಿಗೆ ರಾತ್ರಿ ಹೊತ್ತು ಆಗ್ತಿತ್ತಲ್ಲ, ಅಂಥದ್ದೇ ಏನೋ ಇದು?" ಅಂತ ಕೇಳಿದರು. ದನಿಯಲ್ಲಿ ಭಯ ಇತ್ತು.

ನನಗೆ ಆಗಿದ್ದೂ ಅವನಿಗೆ ಆಗ್ತಿದ್ದುದೂ ಒಂದೇ ಅಲ್ಲ. ಆದರೆ ಅಜ್ಜಿಯ ಅನುಮಾನ ಅಜ್ಜಿಯೊಬ್ಬರದ್ದೇ ಅಲ್ಲ. ಈ ಎರಡನ್ನೂ ಬೇರೆ ಮಾಡೋಕೆ ಜಗತ್ತಿನ ವೈದ್ಯರೇ ನೂರಾರು ವರ್ಷ ತೆಗೆದುಕೊಂಡಿದ್ದಾರೆ. ಆ ಚರಿತ್ರೆಯನ್ನೇ ಇವತ್ತು ಬರೆಯೋಣ ಅನ್ನಿಸಿತು.

ಮೊದಲು ಆ ಲೈನಿನವನ ಕತೆ. ನಾನಾಗ ಹೈಸ್ಕೂಲು. ನಮ್ಮ ಪಕ್ಕದ ತೋಟದ ಲೈನು ಮನೆಯಲ್ಲಿ ಇದ್ದ ಒಬ್ಬ ಅಣ್ಣ ಮರಗಸಿ ಕೆಲಸದಲ್ಲಿ ಎತ್ತಿದ ಕೈ. ಕಾಫಿಗೆ ನೆರಳು ಜಾಸ್ತಿಯಾದ ಕಡೆ ಮರ ಹತ್ತಿ, ತುದಿಯಲ್ಲಿ ನಿಂತು ಕೊಂಬೆ ಕಡಿಯೋದು ಅಂದರೆ ಸುಮ್ಮನೆ ಅಲ್ಲ. ಅವನಿಗೆ ಕೆಲವು ರಾತ್ರಿ "ಗಾಳಿ" ಬರ್ತಿತ್ತು. ನಿದ್ದೆಯಲ್ಲಿ ಒಮ್ಮೆ ಕಿರುಚಿ, ಮೈ ಸೆಟೆದು, ಕೈಕಾಲು ಬಡಿಯುತ್ತಿದ್ದ ಅಂತ ಅವನ ಹೆಂಡತಿ ಹೇಳ್ತಿದ್ದರು. ಬೆಳಿಗ್ಗೆ ಕೇಳಿದರೆ ಅವನಿಗೆ ಏನೂ ಗೊತ್ತಿಲ್ಲ. ಮೈಕೈ ನೋವು, ನಾಲಿಗೆಯ ಪಕ್ಕದಲ್ಲಿ ಗಾಯ, ಅಷ್ಟೇ. ಚೌಡಿಗೆ ಹರಕೆ ಆಯ್ತು, ತಾಯಿತ ಆಯ್ತು. ಅವನು ಮಾತ್ರ ಮರ ಹತ್ತುತ್ತಲೇ ಇದ್ದ.

ಈಗ ಚರಿತ್ರೆಗೆ ಬರೋಣ.

ಎದೆ ಮೇಲೆ ಕೂರುವ ಈ ವಸ್ತು ನಮ್ಮೂರಿನದು ಮಾತ್ರ ಅಲ್ಲ. ತಮಿಳಿನಲ್ಲಿ ಅದು ಅಮುಕ್ಕುವಾನ್ ಪೇಯ್, ಅಂದರೆ ಅಮುಕುವ ದೆವ್ವ. ಗ್ರೀಕರು ಎಫಿಯಾಲ್ಟಿಸ್ ಅಂದರು, ಮೇಲೆ ಹಾರಿ ಬೀಳುವವನು ಅಂತ ಅರ್ಥ. ಜಪಾನಿನಲ್ಲಿ ಕನಶಿಬರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರಿಗೆ ಅದು ಮುದುಕಿ. ಡಚ್ ವೈದ್ಯ ಇಸ್ಬ್ರಾಂಡ್ ವಾನ್ ಡೀಮರ್‌ಬ್ರೂಕ್ 1664ರಲ್ಲಿ ಸುಮಾರು 50 ವರ್ಷದ ಹೆಂಗಸೊಬ್ಬಳ ವಿಷಯ ಬರೆದಿದ್ದಾನೆ. ಅವಳಿಗೆ ರಾತ್ರಿ ಒಮ್ಮೆ ಸೈತಾನ, ಒಮ್ಮೆ ದೊಡ್ಡ ನಾಯಿ, ಒಮ್ಮೆ ಕಳ್ಳ ಎದೆ ಮೇಲೆ ಮಲಗಿದ ಹಾಗೆ ಆಗುತ್ತಿತ್ತಂತೆ, ಕೈಕಾಲು ಆಡುತ್ತಿರಲಿಲ್ಲವಂತೆ. ನನ್ನ ರೇನ್ ಕೋಟಿನ ಕತೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ? 1781ರಲ್ಲಿ ಫ್ಯೂಸ್ಲಿ ಎಂಬ ಚಿತ್ರಕಾರ ಮಲಗಿದ ಹೆಂಗಸಿನ ಎದೆ ಮೇಲೆ ಕುಕ್ಕರಗಾಲಲ್ಲಿ ಕೂತ ಕುಳ್ಳ ದೆವ್ವವನ್ನು ಬರೆದ. ಬಹಳ ಜನ ನೋಡಿರಬಹುದಾದ ಚಿತ್ರ ಅದು.

ಇತ್ತ ಮೂರ್ಛೆರೋಗದ ಚರಿತ್ರೆ ಇನ್ನೂ ಹಳೆಯದು. ಇದು ದೇವರ ಶಾಪ ಅಲ್ಲ, ಮಿದುಳಿನ ಕಾಯಿಲೆ ಅಂತ ಹಿಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥವೊಂದು ಸುಮಾರು 2400 ವರ್ಷದ ಹಿಂದೆಯೇ ವಾದಿಸಿತ್ತು. ನಮ್ಮ ಚರಕ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ವಾತ, ಪಿತ್ತ, ಕಫ, ಮೂರೂ ಸೇರಿದ್ದು ಅಂತ ನಾಲ್ಕು ಬಗೆ ಮಾಡಿದ್ದಾರೆ. ಅಲ್ಲಿನ ಹೆಸರು ಅಪಸ್ಮಾರ. ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನ ಹೆಸರೂ ಅದೇ. ಆ ಪದದ ಅರ್ಥ ಏನು ಗೊತ್ತಾ? ಸ್ಮೃತಿ ಹೋಗುವುದು, ನೆನಪು ಇಲ್ಲವಾಗುವುದು!

ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಈ ಹೆಸರಿನಲ್ಲೇ ಇದೆ. ಎದೆ ಮೇಲೆ ದೆವ್ವ ಕೂತವನು ಬೆಳಿಗ್ಗೆ ಎದ್ದು ಎಲ್ಲರಿಗೂ ತಾನೇ ಕತೆ ಹೇಳುತ್ತಾನೆ. ಕೂತಿದ್ದು ಎಲ್ಲಿ, ಯಾವ ಬಣ್ಣ, ಎಲ್ಲ ಅವನಿಗೆ ನೆನಪಿದೆ. ಪಕ್ಕದಲ್ಲಿ ಮಲಗಿದ್ದವರಿಗೆ ಏನೂ ಗೊತ್ತಾಗಿರೋದಿಲ್ಲ. ರಾತ್ರಿ ದೊಡ್ಡ ಫಿಟ್ಸ್ ಬಂದವನದ್ದು ಇದರ ತಲೆಕೆಳಗು. ಕತೆ ಹೇಳೋದು ಪಕ್ಕದಲ್ಲಿದ್ದವರು. ಅವನಿಗೆ ಗೊತ್ತೇ ಇಲ್ಲ.

ಇಷ್ಟು ಸರಳ ಇದ್ದರೆ ವೈದ್ಯರಿಗೆ ಯಾಕೆ ಕಷ್ಟ ಆಯ್ತು? ಮುಖ್ಯವಾಗಿ ರಾತ್ರಿ ನಡೆಯೋದನ್ನು ವೈದ್ಯರು ನೋಡಿರೋದಿಲ್ಲ. ಲಂಡನ್ನಿನ ವಿಲಿಯಂ ಗೋವರ್ಸ್ ತನ್ನ ರೋಗಿಗಳ ಲೆಕ್ಕ ಹಾಕಿ, ಐದರಲ್ಲಿ ಒಬ್ಬರಿಗೆ ಫಿಟ್ಸ್ ಬರೋದು ನಿದ್ದೆಯಲ್ಲಿ ಮಾತ್ರ ಅಂತ 1885ರಲ್ಲಿ ಬರೆದ. ಅಂಥವರು ಹಗಲು ನಮ್ಮ ನಿಮ್ಮ ಹಾಗೇ ಇರ್ತಾರೆ. ಅದೇ ಗೋವರ್ಸ್ 1907ರಲ್ಲಿ ಮೂರ್ಛೆರೋಗದ ಗಡಿಯಲ್ಲಿರುವ ತೊಂದರೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ತಲೆಸುತ್ತು, ಮೈಗ್ರೇನ್ ಜೊತೆಗೆ ನಿದ್ದೆಯ ತೊಂದರೆಗಳೂ ಆ ಗಡಿಯ ಪಟ್ಟಿಯಲ್ಲಿದ್ದವು. ಅಮೆರಿಕದ ವಿಯರ್ ಮಿಚೆಲ್ 1876ರಲ್ಲೇ ನಿದ್ದೆಯ ಈ ಲಕ್ವವನ್ನು ವಿವರಿಸಿದ್ದ. ಆದರೆ ಅದಕ್ಕೆ 'ಸ್ಲೀಪ್ ಪೆರಾಲಿಸಿಸ್' ಅಂತ ಹೆಸರಿಟ್ಟಿದ್ದು 1928ರಲ್ಲಿ, ಕಿನ್ನಿಯರ್ ವಿಲ್ಸನ್.

ಹೆಸರು ಸಿಕ್ಕಿತು, ಕಾರಣ ಸಿಕ್ಕಿರಲಿಲ್ಲ. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಮೂಡಿಸಿದ್ದನ್ನು ಪ್ರಕಟಿಸಿದ. ಅದೇ ಇ.ಇ.ಜಿ. ಫಿಟ್ಸ್ ಬಂದಾಗ ನರಕೋಶಗಳ ಗುಂಪು ಒಟ್ಟಿಗೇ ಸಿಡಿಯೋದು ಅದರಲ್ಲಿ ಕಾಣಿಸತೊಡಗಿತು. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಆಡುವ ಒಂದು ಹಂತವನ್ನು ಗುರುತಿಸಿದರು. ಗಾಢವಾದ ಕನಸು ಬೀಳೋದು ಹೆಚ್ಚಾಗಿ ಈ ರೆಮ್ ನಿದ್ದೆಯಲ್ಲೇ. ಆ ಹೊತ್ತಿನಲ್ಲಿ ಮೈಯ ಮಾಂಸಖಂಡಗಳು ಸಡಿಲವಾಗಿ ಬಿಟ್ಟುಬಿಡುತ್ತವೆ ಅಂತ ಫ್ರಾನ್ಸಿನ ಮಿಶೆಲ್ ಜೂವೆ 1959ರ ಹೊತ್ತಿಗೆ ಬೆಕ್ಕುಗಳಲ್ಲಿ ತೋರಿಸಿದ. ಕನಸಿನಲ್ಲಿ ಓಡಿದರೆ ನಿಜವಾಗಿ ಎದ್ದು ಓಡಬಾರದಲ್ಲ, ಅದಕ್ಕೆ ಮಿದುಳು ಹಾಕಿದ ಬೀಗ ಅದು. ಕಣ್ಣಿಗೂ ಉಸಿರಾಟಕ್ಕೂ ಮಾತ್ರ ರಿಯಾಯಿತಿ.

ನನಗೆ ಆ ಬೆಳಗಿನ ಜಾವ ಆಗಿದ್ದು ಇಷ್ಟೇ. ಮನಸ್ಸು ಎದ್ದಿತ್ತು, ಬೀಗ ಇನ್ನೂ ತೆಗೆದಿರಲಿಲ್ಲ. ಅರ್ಧ ಕನಸು ಕಣ್ಣೆದುರಿಗೇ ಉಳಿದಿತ್ತು. ನಿದ್ದೆಗೆಟ್ಟವರಿಗೆ, ಹೊತ್ತು ತಪ್ಪಿ ಮಲಗುವವರಿಗೆ, ಅಂಗಾತ ಮಲಗುವವರಿಗೆ ಇದು ಜಾಸ್ತಿ. ಅಜ್ಜಿ ಆ ಒಂದು ವಿಷಯದಲ್ಲಿ ವಿಜ್ಞಾನಿಗಳಿಗಿಂತ ಮುಂದೆ!

ಇನ್ನೊಂದು ತಿರುವು ಇದೆ. 1981ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಲುಗಾರೆಸಿ ಮತ್ತು ಅವರ ಜೊತೆಯವರು ವಿಚಿತ್ರ ರೋಗಿಗಳ ಬಗ್ಗೆ ಬರೆದರು. ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಕೈಕಾಲು ಬಡಿಯೋದು, ಮೈ ತಿರುಚೋದು, ಒಂದು ನಿಮಿಷದೊಳಗೆ ಮತ್ತೆ ತಣ್ಣಗೆ. ಒಂದೇ ರಾತ್ರಿಯಲ್ಲಿ ಹಲವು ಸಲ. ತಲೆಗೆ ತಂತಿ ಅಂಟಿಸಿ ನೋಡಿದರೆ ಇ.ಇ.ಜಿ.ಯಲ್ಲಿ ಫಿಟ್ಸಿನ ಗುರುತೇ ಇಲ್ಲ. ನಿದ್ದೆಯ ತೊಂದರೆಯೋ ಮೂರ್ಛೆರೋಗವೋ ಅನ್ನೋ ವಾದ ವರ್ಷಗಟ್ಟಲೆ ನಡೆಯಿತು. ಮಿದುಳಿನ ಮುಂಭಾಗದ ಒಳಗಿನಿಂದ ಹೊರಡುವ ಫಿಟ್ಸ್ ಅದು, ಆಳದಲ್ಲಿರೋದರಿಂದ ಮೇಲಿನ ತಂತಿಗೆ ಸಿಗದಿರಬಹುದು ಅನ್ನೋದು 1990ರ ಸುಮಾರಿಗೆ ಸ್ಪಷ್ಟವಾಯ್ತು. ಕೆಲವು ಮನೆತನಗಳಲ್ಲಿ ಇದಕ್ಕೆ ಕಾರಣವಾದ ಜೀನ್ 1995ರಲ್ಲಿ ಸಿಕ್ಕಿತು. ಈ ಬಗೆಯಲ್ಲಿ ಕೆಲವರಿಗೆ ಪ್ರಜ್ಞೆ ಇರುತ್ತೆ, ನೆನಪೂ ಇರುತ್ತೆ. ಹಾಗಾಗಿ ನೆನಪೊಂದನ್ನೇ ನಂಬಿದರೆ ಮೋಸ ಹೋಗ್ತೀವಿ. ಎರಡನೇ ಪ್ರಶ್ನೆ ಕೇಳಲೇಬೇಕು: ಮೈ ಅಲ್ಲಾಡಿತಾ? ಸೆಟೆಯಿತಾ? ನಿದ್ದೆಯ ಲಕ್ವದಲ್ಲಿ ಮೈ ಮರದ ದಿಮ್ಮಿಯ ಹಾಗೆ ಬಿದ್ದಿರುತ್ತೆ. ಸೆಟೆದು ಬಡಿದರೆ, ಅದೂ ಪ್ರತಿ ಸಲ ಒಂದೇ ರೀತಿ ಆದರೆ, ಅದು ಬೇರೆ.

ಕರ್ನಾಟಕದಲ್ಲಿ ಈ ಕಾಯಿಲೆಯ ಚರಿತ್ರೆ ಬರೆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರ ಹೆಸರು ಬಾರದೆ ಇರೋದಿಲ್ಲ. ತಲೆ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ಬಗ್ಗೆ 1968ರಲ್ಲೇ ಅವರೂ ಅವರ ಜೊತೆಯವರೂ ಬರೆದಿದ್ದರು. ಹಂಡೆ ನೀರಿನ ಸ್ನಾನದ ನಾಡಲ್ಲವೇ ನಮ್ಮದು! ಆಮೇಲೆ ಯಳಂದೂರಿನಲ್ಲಿ ಸುಮಾರು 65,000 ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಿಮ್ಹಾನ್ಸ್‌ನವರು 1993ರಿಂದ 95ರವರೆಗೆ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಸುಮಾರು 9 ಜನರಿಗೆ ಮೂರ್ಛೆರೋಗ ಇತ್ತು. ಪೇಟೆಯಲ್ಲಿ 5.7, ಹಳ್ಳಿಯಲ್ಲಿ 11.9. ಹಳ್ಳಿಯಲ್ಲಿ ಎರಡು ಪಟ್ಟು!

ಹಾಗಾದರೆ ನಮ್ಮ ಲೈನಿನ ಅಣ್ಣನಿಗೆ ಯಾಕೆ ವರ್ಷಗಟ್ಟಲೆ ಮಾತ್ರೆ ಸಿಗಲಿಲ್ಲ? ಅವರ ಮನೆಯವರು ಪೆದ್ದರಲ್ಲ. ಅವನಿಗೊಬ್ಬ ತಂಗಿ ಇದ್ದಳು. ಗಾಳಿ ಅಂದರೆ ಪೂಜೆ ಮಾಡಿಸಿದರೆ ಹೋಗುತ್ತೆ, ಫಿಟ್ಸ್ ಅಂದರೆ ಮನೆತನಕ್ಕೇ ಅಂಟುತ್ತೆ, ಹುಡುಗಿಗೆ ಗಂಡು ಸಿಗಲ್ಲ. ಲೆಕ್ಕ ಅಷ್ಟೇ. ಆ ಲೆಕ್ಕಕ್ಕೆ ನಮ್ಮ ಕಾನೂನೇ ಮುದ್ರೆ ಒತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಇತ್ತೀಚೆಗೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಮತ್ತೆ ಮತ್ತೆ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ. ಹುಚ್ಚಿನ ಪಕ್ಕದಲ್ಲೇ ಅದನ್ನೂ ಬರೆದಿದ್ದರು. ಭಾರತೀಯ ಎಪಿಲೆಪ್ಸಿ ಅಸೋಸಿಯೇಷನ್ ಹೋರಾಡಿ, ಕೊನೆಗೆ 1999ರಲ್ಲಿ ಆ ಪದವನ್ನು ಕಾಯ್ದೆಯಿಂದ ತೆಗೆದರು. ಇದೆಲ್ಲ ಆಗಿ ಹತ್ತು ವರ್ಷ ಕಳೆದರೂ ಆ ಸುದ್ದಿ ಕಳಸದ ಘಟ್ಟ ಹತ್ತಿರಲಿಲ್ಲ. ಹೆಸರು ಹೇಳೋಕೆ ಹೆದರುವ ಕಾಯಿಲೆಗೆ ದೆವ್ವದ ಹೆಸರೇ ಸುರಕ್ಷಿತ.

ಅವನಿಗೆ ಕೊನೆಗೆ ಒಂದು ದಿನ ಹಗಲು ಹೊತ್ತಿನಲ್ಲೇ ಬಂತು. ಕುಯ್ಲಿನ ಸಮಯ, ಕಣದಲ್ಲಿ ರಾತ್ರಿ ಕಾವಲು ಮಾಡಿ ನಿದ್ದೆಗೆಟ್ಟಿದ್ದ. ನಿದ್ದೆ ಕೆಟ್ಟರೆ ನನ್ನದೂ ಜಾಸ್ತಿ, ಅವನದೂ ಜಾಸ್ತಿ. ಎಲ್ಲರೂ ನೋಡುತ್ತಿದ್ದ ಹಾಗೇ ಕಾಫಿ ರಾಶಿಯ ಪಕ್ಕ ಬಿದ್ದ. ಯಾರೋ ಕೈಗೆ ಕೀಗೊಂಚಲು ತುರುಕಿದರು. ಮರದ ಮೇಲಿದ್ದಾಗ ಬಂದಿದ್ದರೆ? ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ. ರೈಟರು ಜೀಪಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಅವನ ಹತ್ತಿರ ಎರಡು ಮಾತು ಕೇಳಿ, ಹೆಂಡತಿಯ ಹತ್ತಿರ ಅರ್ಧ ಗಂಟೆ ಕೇಳಿದರಂತೆ. ಆ ಅಕ್ಕನ ಮಾತನ್ನು ಅಷ್ಟು ಹೊತ್ತು ಯಾರಾದರೂ ಕೇಳಿಸಿಕೊಂಡಿದ್ದು ಅದೇ ಮೊದಲಿರಬೇಕು. ಈಗ ಮಾತ್ರೆ ತಪ್ಪಿಸಲ್ಲ. ಮರ ಹತ್ತಲ್ಲ, ನರ್ಸರಿ ನೋಡಿಕೊಳ್ಳುತ್ತಾನೆ. ತಂಗಿಗೆ ಮದುವೆಯೂ ಆಗಿದೆ.

ಅಜ್ಜಿಗೆ ಮತ್ತೆ ಫೋನ್ ಮಾಡಿ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಎಚ್ಚರ ಇದ್ದು ಅಲ್ಲಾಡಲಾಗದೆ, ಒಂದೆರಡು ನಿಮಿಷದಲ್ಲಿ ಸರಿಹೋಗಿ, ಎಲ್ಲ ನೆನಪಿದ್ದರೆ ಅದು ನಿದ್ದೆಯ ಲಕ್ವ. ಯಾರಾದರೂ ಮುಟ್ಟಿದರೂ ಬಿಡಬಹುದು. ಹೆದರಬೇಕಿಲ್ಲ, ನಿದ್ದೆ ಸರಿ ಮಾಡಿಕೊಳ್ಳಿ. ಹಗಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಆದರೆ ಕಿರುಚಿ ಸೆಟೆಯೋದು, ಲಯವಾಗಿ ಕೈಕಾಲು ಬಡಿಯೋದು, ನಾಲಿಗೆ ಕಚ್ಚಿಕೊಳ್ಳೋದು, ಹಾಸಿಗೆ ಒದ್ದೆಯಾಗೋದು, ಎದ್ದ ಮೇಲೆ ಮಂಕು, ಮೈಕೈ ನೋವು ಇದ್ದರೆ ತಡ ಮಾಡಬೇಡಿ. ರಾತ್ರಿ ದೊಡ್ಡ ಫಿಟ್ಸ್ ಬರುವವರಲ್ಲಿ ಅಪರೂಪಕ್ಕೆ ನಿದ್ದೆಯಲ್ಲೇ ಸಾವು ಆಗುವುದುಂಟು. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ, ನೀರು ಹಾಕಬೇಡಿ, ಕಬ್ಬಿಣ ಹಿಡಿಸೋದರಿಂದ ಏನೂ ನಿಲ್ಲಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ಕೈಯಲ್ಲಿ ಮೊಬೈಲ್ ಇದ್ದರೆ ಒಂದು ವಿಡಿಯೋ ಮಾಡಿ. ವೈದ್ಯರು ಯಾವತ್ತೂ ನೋಡಲಾಗದ ಆ ರಾತ್ರಿಯನ್ನು ಅವರಿಗೆ ತೋರಿಸಬಹುದು.

ಎಲ್ಲ ಕೇಳಿ ಅಜ್ಜಿ "ಹಂಗಾದ್ರೆ ನಿಂದು ಬರೀ ನಿದ್ದೆಗೇಡು" ಅಂದರು. ಹೌದು ಅಂದೆ. "ಆದ್ರೂ ಕಬ್ಬಿಣ ಇಟ್ಕೋ, ಏನು ಭಾರನಾ?" ಅಂದರು. ಇಟ್ಟುಕೊಂಡಿದ್ದೇನೆ :)

ಅಂದ ಹಾಗೆ, ಎದೆ ಮೇಲೆ ಕೂರುವ ಇದಕ್ಕೆ ನಿಮ್ಮೂರ ಕಡೆ ಏನಂತಾರೆ? ಹೇಳಿ.